ಹೊಲಿಗೆ ಮಷಿನ್ ಕೊಳ್ಳುವ ಮೊದಲು: ಬೆಲೆ ಯಾಕೆ ಇಷ್ಟು ಕಮ್ಮಿ ಅಂತ ಕೇಳಿ

ಮೂರು ತಿಂಗಳ ಹಿಂದೆ ನಮ್ಮ ಹೊಲಿಗೆ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದಳು. ಜೇವರ್ಗಿ ಕಡೆಯ ಹಳ್ಳಿಯವಳು. ಹತ್ತಿ ಬಿಡಿಸಿದ ಕೂಲಿ ಕೂಡಿಟ್ಟು ಮೊಬೈಲಿನಲ್ಲಿ ನೋಡಿ ಮಷಿನ್ ತರಿಸಿದ್ದಳು. "ಅಕ್ಕಾ, ಹ್ಯಾಂಗ ನಡಸಬೇಕು ತಿಳಿವಲ್ದು, ನೋಡ್ರಿ" ಅಂದಳು. ಜಾಹೀರಾತು ತೋರಿಸಿದಳು. ದೊಡ್ಡ ಬಿಳಿ ಮಷಿನ್, ಅದು ತಾನೇ ಹೂವಿನ ಕಸೂತಿ ಹಾಕುವ ವಿಡಿಯೊ, ಕೆಳಗೆ "ಫ್ಯಾಕ್ಟರಿ ಬಂದ್ ಆಗುತ್ತಿದೆ, ಕೊನೆಯ 50 ಪೀಸ್, ಬರೀ 1,999". ಡಬ್ಬಿಯಲ್ಲಿ ಇದ್ದದ್ದು ಅಂಗೈಯಲ್ಲಿ ಹಿಡಿದು ಹೊಲಿಯುವ ಪ್ಲಾಸ್ಟಿಕ್ ಮಷಿನ್. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುವಂಥದ್ದು.

ಒಂದು ಹಳೇ ಬಟ್ಟೆಯ ಮೇಲೆ ಗೇಣುದ್ದ ಹೊಲಿಗೆ ಹಾಕಿ ನೋಡಿದೆವು. ಮೇಲಿನಿಂದ ನೋಡಿದರೆ ಹೊಲಿಗೆ ಚೆನ್ನಾಗಿಯೇ ಬಿದ್ದಿತ್ತು. ಬಟ್ಟೆ ತಿರುವಿ, ಕೊನೆಯ ದಾರದ ತುದಿ ಹಿಡಿದು ಅವಳಿಗೇ ಎಳೆಯಲು ಹೇಳಿದೆ. ಗೋಧಿ ಚೀಲದ ಬಾಯಿ ಬಿಚ್ಚಿದ ಹಾಗೆ ಸರ್ರನೆ ಪೂರ್ತಿ ಹೊಲಿಗೆ ಬಿಚ್ಚಿಕೊಂಡು ಬಂತು. ಆ ಮಷಿನ್‌ಗೆ ಕೆಳಗೆ ಬಾಬಿನ್, ಅಂದರೆ ಎರಡನೇ ದಾರ ಸುತ್ತಿಡುವ ಸಣ್ಣ ಉರುಳೆ, ಇಲ್ಲ. ಒಂದೇ ದಾರದ ಸರಪಳಿ ಹೊಲಿಗೆ ಅದು. ಕುಪ್ಪಸಕ್ಕೆ ಅಂಥ ಹೊಲಿಗೆ ಹಾಕಿದರೆ ತೊಟ್ಟವರ ಮಾನದ ಪ್ರಶ್ನೆ ಆಗುತ್ತದೆ. ಹುಡುಗಿ ಮಾತಾಡಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತಾ ಕುಳಿತಳು.

ಕಲಬುರಗಿಯಲ್ಲಿ ನಾನು ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದೇನೆ, ಕಲಿಸುತ್ತಿದ್ದೇನೆ. ತಿಂಗಳಿಗೆ ನಾಲ್ಕೈದು ಮಂದಿಯಾದರೂ ಕೇಳುತ್ತಾರೆ: ಕಾಲಿನ ಮಷಿನ್ ತಗೊಳ್ಳಲೋ, ಕರೆಂಟಿನದೋ, ಪವರ್ ಮಷಿನ್ನೋ, ಹಳೇದು ನಡೆಯುತ್ತದೋ? ಮೊದಲೆಲ್ಲ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದೆ. ಈಗ ತಿರುಗಿ ಕೇಳುತ್ತೇನೆ: "ಎಷ್ಟಕ್ಕೆ ಸಿಗ್ತದ ಅಂದ್ರು? ಆ ಬೆಲೆಯೊಳಗ ಏನ್ ಇಲ್ಲ?" ಒಂದು ಮಷಿನ್ ಉಳಿದದ್ದಕ್ಕಿಂತ ಅರ್ಧ ಬೆಲೆಗೆ ಸಿಗುತ್ತಿದೆ ಅಂದರೆ ಅದರಲ್ಲಿ ಏನೋ ಒಂದು ಇರುವುದಿಲ್ಲ. ಸ್ಟ್ಯಾಂಡು ಇರಲಿಕ್ಕಿಲ್ಲ, ಮೋಟಾರು ಇರಲಿಕ್ಕಿಲ್ಲ, ಬಿಲ್ ಇರಲಿಕ್ಕಿಲ್ಲ, ರಿಪೇರಿ ಮಾಡುವವರು ಇರಲಿಕ್ಕಿಲ್ಲ. ಕೆಲವು ಸಲ ಮಷಿನ್ನೇ ಇರುವುದಿಲ್ಲ. ಇಲ್ಲದ್ದು ಯಾವುದು ಅಂತ ಗೊತ್ತಾದರೆ, ಅದು ನಮಗೆ ಬೇಕೋ ಬೇಡವೋ ಅಂತ ನಾವೇ ತೀರ್ಮಾನ ಮಾಡಬಹುದು.

ಅಳತೆ ಮೊದಲು, ಮಷಿನ್ ಆಮೇಲೆ

ಬಟ್ಟೆ ಕತ್ತರಿಸುವ ಮೊದಲು ಅಳತೆ ತೆಗೆಯುತ್ತೇವೆ ಅಲ್ವಾ? ಇಲ್ಲೂ ಹಾಗೆಯೇ.

ಏನು ಹೊಲಿಯುತ್ತೀರಿ, ದಿನಕ್ಕೆ ಎಷ್ಟು ಹೊತ್ತು? ಮನೆಯವರ ಹರಿದ ಬಟ್ಟೆ, ಮಕ್ಕಳ ಫ್ರಾಕು, ಆಗೊಮ್ಮೆ ಈಗೊಮ್ಮೆ ಕುಪ್ಪಸ ಅಂದರೆ ಒಂದು ತರಹದ ಮಷಿನ್. ದಿನಕ್ಕೆ ಆರೇಳು ಕುಪ್ಪಸ ಅಂದರೆ ಬೇರೆಯೇ. ಶಾಲೆ ಯೂನಿಫಾರ್ಮು, ಜೀನ್ಸು, ಚೀಲ ಅಂದರೆ ಮತ್ತೂ ಬೇರೆ.

ನಿಮ್ಮಲ್ಲಿ ಕರೆಂಟು ಹೇಗಿದೆ? ಕಲಬುರಗಿ ಊರೊಳಗೆ ಪರವಾಗಿಲ್ಲ. ಅಫಜಲಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಮಟಮಟ ಮಧ್ಯಾಹ್ನವೇ ಹೋಗುತ್ತದೆ. ಇದ್ದಾಗಲೂ ವೋಲ್ಟೇಜ್ ಇಳಿದು ಫ್ಯಾನು ತೂಕಡಿಸುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಎಳೆಯಲಾರದೆ ಬಿಸಿಯಾಗುತ್ತದೆ. ಮದುವೆ ಸೀಸನ್ನಿನಲ್ಲಿ, ಅದೂ 42 ಡಿಗ್ರಿ ಬಿಸಿಲಿನ ಮೇ ತಿಂಗಳಲ್ಲಿ, ಕರೆಂಟು ಬರಲಿ ಅಂತ ಕಾಯುತ್ತಾ ಕೂತರೆ ಗಿರಾಕಿ ಕಾಯುವುದಿಲ್ಲ.

ಕೆಟ್ಟರೆ ಯಾರು ಕೈ ಹಚ್ಚುತ್ತಾರೆ? ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾಲಿಂದ ತುಳಿಯುವ ಕರಿ ಮಷಿನ್ ಬಿಚ್ಚಿ ಜೋಡಿಸುವ ಮಿಸ್ತ್ರಿಗಳು ಸೇಡಂ, ಆಳಂದ, ಚಿತ್ತಾಪುರದಂಥ ತಾಲೂಕು ಊರಿನಲ್ಲೂ ಸಿಗುತ್ತಾರೆ. ಬಾಬಿನ್ ಕೇಸು, ಶಟಲ್, ಪಟ್ಟಾದಂಥ ಬಿಡಿ ಭಾಗಗಳೆಲ್ಲಾ ಸಿಗುತ್ತವೆ. ಎಲೆಕ್ಟ್ರಾನಿಕ್ ಬೋರ್ಡಿನ ಮಷಿನ್ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರೇ ಬೇಕು. ಅದು ನಿಮ್ಮಿಂದ ಎಷ್ಟು ದೂರ, ಅವರು ಮನೆಗೆ ಬರುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ ಅಂತ ಕೊಳ್ಳುವ ಮೊದಲೇ ಕೇಳಿ.

ನಾಲ್ಕನೆಯದು ಪೂರ್ತಿ ಬೆಲೆ. ಬೋರ್ಡಿನಲ್ಲಿ ಬರೆದ ಬೆಲೆ ಬಹಳ ಸಲ ಬರೀ ತಲೆಗೆ, ಅಂದರೆ ಮೇಲಿನ ಕಬ್ಬಿಣದ ಭಾಗಕ್ಕೆ ಮಾತ್ರ. ಒಂದು ಲೆಕ್ಕ ಹಾಕಿ ನೋಡಿ. ತಲೆ 4,800 ಅಂದರು. ಸ್ಟ್ಯಾಂಡಿಗೆ 1,900, ಮೇಲಿನ ಹಲಗೆಗೆ 800, ಮೋಟಾರಿಗೆ 1,500. ಕೂಡಿಸಿದರೆ 9,000. ಪಕ್ಕದ ಅಂಗಡಿಯವನು ಎಲ್ಲಾ ಸೇರಿಸಿ 8,600 ಹೇಳಿದ್ದರೆ ಅವನೇ ಅಗ್ಗ. ಆದರೆ 4,800 ಅಂದಾಗ ನಮ್ಮ ಕಾಲು ತಾನಾಗಿ ಅತ್ತ ತಿರುಗುತ್ತದೆ.

ಇನ್ನು ಮುಂದೆ ಮಾರಿದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು. ಇದನ್ನು ಯಾರೂ ಯೋಚಿಸುವುದಿಲ್ಲ. ಕಲಿತು ಬಿಟ್ಟುಬಿಡುವವರು ಜಾಸ್ತಿ ಇರುವುದರಿಂದ ನಾನು ಯೋಚಿಸಿ ಅನ್ನುತ್ತೇನೆ.

ಕರಿ ಮಷಿನ್, ಕಾಲಿಂದ ತುಳಿಯುವುದು

ನಮ್ಮ ಕಡೆ ಮದುವೆಗೆ ಬಳುವಳಿಯಾಗಿ ಕೊಡುತ್ತಿದ್ದದ್ದು ಇದನ್ನೇ. ಕೆಳಗೆ ಕಬ್ಬಿಣದ ಸ್ಟ್ಯಾಂಡು, ದೊಡ್ಡ ಚಕ್ರ, ಚರ್ಮದ ಪಟ್ಟಾ. ನೇರ ಹೊಲಿಗೆ ಒಂದೇ, ಬೇರೆ ಏನೂ ಇಲ್ಲ. ಆದರೆ ಆ ನೇರ ಹೊಲಿಗೆ ಗಟ್ಟಿ. ಕರೆಂಟು ಬೇಡ. ಬೇಕಾದರೆ ಆಮೇಲೆ ಮೋಟಾರು ಕೂಡಿಸಬಹುದು. ಕರೆಂಟು ಹೋದ ದಿನ ಮೋಟಾರಿನ ಪಟ್ಟಾ ಬಿಚ್ಚಿ ಕಾಲಿಂದ ತುಳಿಯಬಹುದು. ತಲೆಯೇ ಹತ್ತು ಕಿಲೋಗಿಂತ ಜಾಸ್ತಿ ತೂಕ, ಬೀಡು ಕಬ್ಬಿಣ. ಎಣ್ಣೆ ಬಿಟ್ಟು ನೋಡಿಕೊಂಡರೆ ಮೂವತ್ತು ವರ್ಷ ಬಾಳುತ್ತದೆ. ನಮ್ಮ ಅವ್ವನ ಮಷಿನ್ ಈಗ ನನ್ನ ಕ್ಲಾಸಿನಲ್ಲಿದೆ. ಹೊಸ ಹುಡುಗಿಯರ ಕೈಕಾಲು ಅದರ ಮೇಲೆಯೇ ಹದವಾಗುತ್ತದೆ.

ಹೊಸದು ಸ್ಟ್ಯಾಂಡು, ಹಲಗೆ ಸೇರಿ ಸುಮಾರು ಆರರಿಂದ ಒಂಬತ್ತು ಸಾವಿರದ ಒಳಗೆ ಬರುತ್ತದೆ. ಉಷಾ, ಸಿಂಗರ್ ತರಹದ ದೊಡ್ಡ ಹೆಸರಿಗೆ ಬೆಲೆ ಮೇಲಿನ ಕಡೆ. ಲೂಧಿಯಾನಾದಲ್ಲಿ ತಯಾರಾಗಿ ಬರುವ ಸಣ್ಣ ಹೆಸರಿನವು ಕೆಳಗಿನ ಕಡೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಲೂಧಿಯಾನಾ ಮಾಲು ಅಂದ ಕೂಡಲೇ ಡೂಪ್ಲಿಕೇಟ್ ಅಂತ ಮೂಗು ಮುರಿಯಬೇಡಿ. ನಮ್ಮ ದೇಶದ ಹೊಲಿಗೆ ಮಷಿನ್ ಉದ್ಯಮದ ತವರು ಆ ಊರು. ತನ್ನದೇ ಹೆಸರು ಹಾಕಿಕೊಂಡು, ಐಎಸ್‌ಐ ಗುರುತು ಹಾಕಿಕೊಂಡು ಬಂದ ಮಷಿನ್ ಕಡಿಮೆ ಬೆಲೆಗೆ ಸಿಕ್ಕರೆ ಅದು ನಿಜವಾದ ಅಗ್ಗ, ಧೈರ್ಯವಾಗಿ ತಗೊಳ್ಳಿ. ಮೋಸ ಇರುವುದು ದೊಡ್ಡ ಕಂಪನಿಯ ಹೆಸರನ್ನು ಒಂದಕ್ಷರ ಆಚೆ ಈಚೆ ಮಾಡಿ, ಅದೇ ಬಂಗಾರದ ಬಣ್ಣದಲ್ಲಿ ಅಂಟಿಸಿ, ದೊಡ್ಡ ಹೆಸರಿನ ಬೆಲೆಗಿಂತ ಸಾವಿರ ಕಡಿಮೆ ಹೇಳುವವರಲ್ಲಿ. ಹೆಸರನ್ನು ಅಕ್ಷರ ಅಕ್ಷರ ಓದಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಒಂದು ಲೈಸೆನ್ಸ್ ನಂಬರು ಇರುತ್ತದೆ. ಮೊಬೈಲಿನಲ್ಲಿ, ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ನಂಬರು ಕೊಟ್ಟರೆ ಲೈಸೆನ್ಸ್ ಯಾವ ಕಂಪನಿಯದು ಅಂತ ತೋರಿಸುತ್ತದೆ. ಅಲ್ಲಿ ಒಂದು ಹೆಸರು, ಮಷಿನ್ ಮೇಲೆ ಇನ್ನೊಂದು ಹೆಸರು ಇದ್ದರೆ ಎದ್ದು ಬನ್ನಿ.

ಇದೇ ಕರಿ ಬಣ್ಣದಲ್ಲಿ ಇನ್ನೊಂದು ಇದೆ, ದರ್ಜಿಗಳು ಅಂಬ್ರೆಲ್ಲಾ ಅನ್ನುತ್ತಾರೆ. ದಿನವಿಡೀ ಹೊಲಿಯುವವರಿಗೆ ಅಂತಲೇ ಮಾಡಿದ್ದು. ಜೋರಾಗಿ ಓಡಿಸಿದಾಗ ನಡುಕ ಕಡಿಮೆ, ಸದ್ದು ಕಡಿಮೆ. ಸಾದಾ ಮಷಿನ್‌ಗಿಂತ ಎರಡು ಮೂರು ಸಾವಿರ ಜಾಸ್ತಿ. ಮನೆಗೆ ಮಾತ್ರ ಅಂದರೆ ಆ ಜಾಸ್ತಿ ದುಡ್ಡು ಬೇಡ. ಮಜೂರಿಗೆ ಹೊಲಿಯುವ ಇರಾದೆ ಇದ್ದರೆ ಮೊದಲೇ ಇದನ್ನು ತಗೊಳ್ಳಿ. ಎರಡು ವರ್ಷದ ಮೇಲೆ ಬದಲಿಸುವ ಖರ್ಚು ಉಳಿಯುತ್ತದೆ.

ಬಿಳಿ ಮಷಿನ್, ಕರೆಂಟಿನದು

ಉಷಾ ಜನೋಮಿ, ಸಿಂಗರ್, ಬ್ರದರ್ ಕಂಪನಿಗಳ, ನೇರ ಹೊಲಿಗೆಯ ಜೊತೆ ಅಂಕುಡೊಂಕು ಹೊಲಿಗೆಯನ್ನೂ ಹಾಕುವ ಜಿಗ್‌ಜ್ಯಾಗ್ ಮಷಿನ್‌ಗಳು ಈ ಗುಂಪಿನವು. ಮೇಜಿನ ಮೇಲೆ ಇಟ್ಟು ಹೊಲಿಯಬಹುದು, ಕೆಲಸ ಮುಗಿದ ಮೇಲೆ ಕಪಾಟಿನಲ್ಲಿ ಇಡಬಹುದು. ಕಾಜಾ (ಗುಂಡಿ ತೂರಿಸುವ ತೂತು), ಪೀಕೋ (ಸೀರೆ ಅಂಚಿನ ಹೊಲಿಗೆ), ಗುಂಡಿ, ಜಿಪ್ಪು, ಒಂದಿಷ್ಟು ಅಲಂಕಾರದ ಹೊಲಿಗೆ ಎಲ್ಲಾ ಬರುತ್ತದೆ. ಸುಮಾರು ಒಂಬತ್ತರಿಂದ ಹದಿನೈದು ಸಾವಿರ. ಬಾಡಿಗೆ ಮನೆಯಲ್ಲಿ ಇರುವವರಿಗೆ, ಊರೂರು ವರ್ಗ ಆಗುವವರಿಗೆ, ಸೊಂಟ ನೋವಿನಿಂದ ತುಳಿಯಲಾಗದವರಿಗೆ ಇದು ಒಳ್ಳೆಯದು.

ಆದರೆ ಇದು ಮನೆಯ ಮಷಿನ್. ನಿಮಿಷಕ್ಕೆ ಸುಮಾರು 700ರಿಂದ 850 ಹೊಲಿಗೆಯಷ್ಟೇ ಇದರ ಓಟ. ಒಳಗೆ ಪ್ಲಾಸ್ಟಿಕ್ ಹಲ್ಲಿನ ಚಕ್ರಗಳು ಇರುತ್ತವೆ. ದಿನಕ್ಕೆ ಎಂಟು ತಾಸು ಮಜೂರಿ ಕೆಲಸ ಹಾಕಿದರೆ ಸೋಲುತ್ತದೆ. ಜೀನ್ಸ್ ಪ್ಯಾಂಟಿನ ತುದಿ ಮಡಚಿ ಹೊಲಿಯುವಾಗ ಸೂಜಿ ಮುರಿಯುತ್ತದೆ. ಮಜೂರಿ ಕೆಲಸಕ್ಕೆ ಬಳಸಿದರೆ ವಾರಂಟಿ ನಡೆಯುವುದಿಲ್ಲ ಅಂತ ಕೆಲವು ಕಾರ್ಡುಗಳಲ್ಲೇ ಬರೆದಿರುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ಓದಿಸಿಕೊಳ್ಳಿ.

ಇದರಲ್ಲಿ ಆಗುವ ಇನ್ನೊಂದು ಮೋಸ ಹೊಲಿಗೆಗಳ ಸಂಖ್ಯೆ. "70 ಡಿಸೈನ್, 100 ಡಿಸೈನ್" ಅಂತ ಹೇಳಿ ಬೆಲೆ ಏರಿಸುತ್ತಾರೆ. ನನ್ನ ಅನುಭವದಲ್ಲಿ ಕೈಗೆ ಬರುವುದು ಐದಾರು: ನೇರ, ಜಿಗ್‌ಜ್ಯಾಗ್, ಕಾಜಾ, ಪೀಕೋ, ಮರೆ ಹೊಲಿಗೆ. ಉಳಿದವುಗಳ ಗುಂಡಿ ತಿರುವಿಯೇ ಇರುವುದಿಲ್ಲ. ಸೀರೆಗೆ ಹೂ ಹಾಕುವ ಕಸೂತಿ ಮಷಿನ್ ಅಂದರೆ ಅದು ಬೇರೆಯೇ ಜಾತಿ. ಬಟ್ಟೆಯ ಚೌಕಟ್ಟನ್ನು ತಾನೇ ಆಡಿಸುವ ಕಂಪ್ಯೂಟರ್ ಮಷಿನ್ ಅದು, ಬೆಲೆ ಹತ್ತಾರು ಸಾವಿರದಿಂದ ಶುರು. ಎರಡು ಸಾವಿರಕ್ಕೆ ಅದು ಬರಲು ಸಾಧ್ಯವೇ ಇಲ್ಲ.

ಪವರ್ ಮಷಿನ್

ಜೂಕಿ, ಜ್ಯಾಕ್ ಇಂಥವು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಇರುವವು. ಯಾವ ಕಂಪನಿಯದಾದರೂ ನಮ್ಮ ದರ್ಜಿಗಳ ಬಾಯಲ್ಲಿ ಅದು ಜೂಕಿ ಮಷಿನ್ನೇ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುವ ಶಕ್ತಿ ಇದೆ. ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬೀಳುತ್ತದೆ. ಎಣ್ಣೆ ತಾನೇ ಎಳೆದುಕೊಳ್ಳುತ್ತದೆ. ಹೊಸದು ಟೇಬಲ್, ಮೋಟಾರು ಸೇರಿ ಇಪ್ಪತ್ತು ಸಾವಿರದ ಮೇಲೆ. ಹಳೇದು ಹನ್ನೆರಡು ಹದಿಮೂರಕ್ಕೂ ಸಿಗುತ್ತದೆ.

ಇಲ್ಲಿ ನನಗೇ ಪೆಟ್ಟು ಬಿದ್ದಿದೆ. ಅಂಗಡಿ ಹಾಕಿದ ಹೊಸತರಲ್ಲಿ, ಬಂದ್ ಆದ ಒಂದು ಫ್ಯಾಕ್ಟರಿಯ ಮಷಿನ್ ಅಂತ ಒಬ್ಬರು ಬಹಳ ಕಡಿಮೆಗೆ ಕೊಟ್ಟರು. ಅಲ್ಲಿ ಓಡಿಸಿಯೂ ತೋರಿಸಿದರು. ಟೆಂಪೊದಲ್ಲಿ ಹೇರಿಕೊಂಡು ಬಂದು ಮನೆಯಲ್ಲಿ ಇಳಿಸಿದ ಮೇಲೆ ಗೊತ್ತಾಯಿತು, ಅದರ ಮೋಟಾರು ತ್ರೀ ಫೇಸ್ ಕರೆಂಟಿನದು. ನಮ್ಮ ಮನೆಗೆ ಬರುವುದು ಸಿಂಗಲ್ ಫೇಸ್. ಮೋಟಾರು ಬದಲಿಸಲು ಆದ ಖರ್ಚು, ಟೆಂಪೊ ಭಾಡಿಗೆ ಕೂಡಿಸಿದರೆ ಹೊಸದರ ಹತ್ತಿರ ಹತ್ತಿರ ಬಂತು. ಆ ಎರಡು ತಿಂಗಳು ಮಷಿನ್ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಹಾಗಾಗಿ ಹಳೇ ಪವರ್ ಮಷಿನ್ ತಗೊಳ್ಳುವವರು ಮೋಟಾರಿನ ಮೇಲಿನ ತಗಡಿನ ಪಟ್ಟಿ ಓದಿ. ಸರ್ವೊ ಮೋಟಾರು ಇದ್ದರೆ ಒಳ್ಳೆಯದು. ಹಳೇ ಕ್ಲಚ್ ಮೋಟಾರು ನೀವು ಹೊಲಿಯದೆ ಸುಮ್ನೆ ಕೂತಾಗಲೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ, ಕರೆಂಟು ತಿನ್ನುತ್ತದೆ. ಸರ್ವೊ ಕಾಲು ಒತ್ತಿದಾಗ ಮಾತ್ರ ತಿರುಗುತ್ತದೆ.

ಹೊಸದಾಗಿ ಕಲಿಯುವವರಿಗೆ ಈ ಮಷಿನ್ ಬೇಡ. ಓಟ ಕೈಗೆ ಸಿಗುವ ಮೊದಲೇ ಬೆರಳು ಸೂಜಿಯ ಕೆಳಗೆ ಹೋಗುತ್ತದೆ. ಕರೆಂಟು ಹೋದರೆ ಇದು ಬರೀ ಟೇಬಲ್.

ಹಳೇ ಮಷಿನ್, ಕೈ ಬದಲಾದದ್ದು

ಕಡಿಮೆ ದುಡ್ಡಿನವರಿಗೆ ನಾನು ಮೊದಲು ಹೇಳುವುದು ಹಳೇ ಕರಿ ಮಷಿನ್. ಮೂರರಿಂದ ಐದು ಸಾವಿರದೊಳಗೆ ಛಲೋ ಮಷಿನ್ ಸಿಗುತ್ತದೆ. ಕಂಪನಿಯ ವಾರಂಟಿ ಇರುವುದಿಲ್ಲ, ಅಷ್ಟೇ. ಅದರ ಬದಲು ನಿಮ್ಮ ಕಣ್ಣು, ಕಿವಿ, ಕೈ ವಾರಂಟಿ ಆಗಬೇಕು.

ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಎಲ್ಲಿಯೂ ಹಿಡಿಯಬಾರದು, ಕಟಕ್ ಅನ್ನಬಾರದು. ಸೂಜಿ ಹಿಡಿಯುವ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಅಲುಗಿಸಿ. ಹಾಲು ಹಲ್ಲಿನ ಹಾಗೆ ಅಲುಗಿದರೆ ಆ ಕಂಬಿಯನ್ನು ಒಳಗೆ ಬಿಗಿಯಾಗಿ ಹಿಡಿಯುವ ಬಳೆ, ಬುಶ್ ಅನ್ನುತ್ತಾರೆ, ಅದು ಸವೆದಿದೆ. ಅಂಥದ್ದು ಎಷ್ಟು ಅಗ್ಗವಾದರೂ ಬೇಡ, ಹೊಲಿಗೆ ತಪ್ಪುತ್ತಲೇ ಇರುತ್ತದೆ. ಬಟ್ಟೆ ಎಳೆಯುವ ಹಲ್ಲಿನ ಮೇಲೆ ಬೆರಳು ಸವರಿ, ಚೂಪು ಉಳಿದಿರಬೇಕು. ಹೊಸ ಬಣ್ಣ ಹೊಡೆದು ಫಳಫಳ ಹೊಳೆಯುತ್ತಿದ್ದರೆ ಜಾಸ್ತಿ ಅನುಮಾನ ಪಡಿ. ಮೂವತ್ತು ವರ್ಷ ದುಡಿದ ಮಷಿನ್‌ನ ಬಂಗಾರದ ಹೂಬಳ್ಳಿ ಕೈ ತಾಗುವ ಕಡೆ ಅಳಿಸಿಯೇ ಇರುತ್ತದೆ. ಅದು ದೋಷವಲ್ಲ.

ಎಷ್ಟೋ ಸಲ ಒಳ್ಳೇ ಮಷಿನ್ ನಿಮ್ಮ ಓಣಿಯಲ್ಲೇ ಯಾರದೋ ಅಟ್ಟದ ಮೇಲೆ ಇರುತ್ತದೆ. ಚಿಗವ್ವಂದಿರನ್ನು, ವೈನಿಯವರನ್ನು ಒಮ್ಮೆ ಕೇಳಿ ನೋಡಿ.

ಅಗ್ಗದ ಮಾತುಗಳು, ಒಂದೊಂದಾಗಿ

ಪುಕ್ಕಟೆ ಮಷಿನ್‌ನಿಂದ ಶುರು ಮಾಡೋಣ. "ಪ್ರಧಾನ ಮಂತ್ರಿ ಉಚಿತ ಹೊಲಿಗೆ ಯಂತ್ರ, ಈ ಲಿಂಕ್ ಒತ್ತಿ, ಹೆಸರು ಹಚ್ಚಿ" ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಇಂಥ ಉಚಿತ ಹೊಲಿಗೆ ಯಂತ್ರ ಯೋಜನೆಯ ಸುದ್ದಿ ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿದೆ. ಅರ್ಜಿ ಶುಲ್ಕ ಅಂತ ಇನ್ನೂರು ಮುನ್ನೂರು ಕೇಳುತ್ತಾರೆ, ಆಧಾರ್, ಬ್ಯಾಂಕ್ ನಂಬರು ಕೇಳುತ್ತಾರೆ. ಕೊಡಬೇಡಿ.

ನಿಜವಾಗಿ ಇರುವುದು ಪಿಎಂ ವಿಶ್ವಕರ್ಮ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಹೆಸರು ಹಚ್ಚಿ, ಪಂಚಾಯಿತಿಯಿಂದ ಪರಿಶೀಲನೆ ಆಗಿ, ತರಬೇತಿಗೆ ಹೋದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಾಮಾನು ಕೊಳ್ಳಲು 15,000 ರೂಪಾಯಿವರೆಗಿನ ಇ-ವೋಚರ್ ಇದೆ. ಆಮೇಲೆ ಬೇಕಾದರೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ 5 ಪರ್ಸೆಂಟ್ ಬಡ್ಡಿಯ ಸಾಲ. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ. ಸಾಮಾನ್ಯ ಸೇವಾ ಕೇಂದ್ರದಲ್ಲಿ (ಸಿಎಸ್‌ಸಿ) ಬೆರಳು ಒತ್ತಿ ಹೆಸರು ಹಚ್ಚಬೇಕು. ಅಲ್ಲಿ ನೀವೇ ಹೋಗಬೇಕು, ವಾಟ್ಸಾಪ್ ಲಿಂಕಿನಲ್ಲಿ ಆಗುವಂಥದ್ದಲ್ಲ. ನಡುವೆ ಯಾರಾದರೂ "ನಾ ಮಾಡಿಸಿ ಕೊಡ್ತೀನಿ, ಎರಡು ಸಾವಿರ ಕೊಡ್ರಿ" ಅಂದರೆ ಆ ಎರಡು ಸಾವಿರಕ್ಕೆ ದಾರ, ಕತ್ತರಿ ಬರುತ್ತವೆ ಅಂತ ನೆನಪಿಟ್ಟುಕೊಳ್ಳಿ. ರಾಜ್ಯ ಸರ್ಕಾರದ ಕಡೆಯಿಂದಲೂ ಆಗಾಗ ಮಷಿನ್ ಹಂಚುತ್ತಾರೆ. ಅದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೇ ಹೋಗಿ ಕೇಳಿ.

ಮನೆಯಲ್ಲೇ ಕೆಲಸ ಅನ್ನುವುದು ಇನ್ನೊಂದು. "ಮಷಿನ್ ನಾವೇ ಕೊಡ್ತೀವಿ, ಕತ್ತರಿಸಿದ ಬಟ್ಟೆ ನಾವೇ ಕೊಡ್ತೀವಿ, ಹೊಲಿದು ಕೊಡ್ರಿ, ತಿಂಗಳಿಗೆ ಹದಿನೈದು ಸಾವಿರ. ಡಿಪಾಜಿಟ್ ಮೂರು ಸಾವಿರ ಕಟ್ರಿ." ಹೆಣ್ಣುಮಕ್ಕಳ ದುಡಿಯುವ ಆಸೆಯನ್ನೇ ಹಿಡಿದು ಎಳೆಯುವ ಈ ಮೋಸ ಕಂಡರೆ ನನಗೆ ಎಲ್ಲಕ್ಕಿಂತ ಸಿಟ್ಟು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಇಸಿದುಕೊಳ್ಳಬಾರದು. ಅವರ ಅಂಗಡಿ ಎಲ್ಲಿದೆ, ಈಗ ಯಾರು ಹೊಲಿದು ಕೊಡುತ್ತಿದ್ದಾರೆ ಅಂತ ಕೇಳಿ, ಆ ಹೆಣ್ಣುಮಗಳ ಮನೆಗೇ ಹೋಗಿ ಮಾತಾಡಿ. ನಿಜವಾಗಿ ಕೆಲಸ ಕೊಡುವವರು ವಿಳಾಸ ಹೇಳಲು ಹಿಂದೆ ಮುಂದೆ ನೋಡುವುದಿಲ್ಲ.

ಮೊಬೈಲಿನಲ್ಲಿ ಹಳೇ ಮಷಿನ್ ಮಾರುವವರಲ್ಲಿ "ನಾನು ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ, ಅರ್ಜೆಂಟ್ ಮಾರಬೇಕು, ಮುಂಗಡ ಹಾಕಿ ಮಷಿನ್ ಕಳಿಸುತ್ತೇನೆ" ಅನ್ನುವ ಕತೆ ಬಂದರೆ ಅಲ್ಲಿಗೇ ಬಿಡಿ. ನೀವು ಮಾರುವಾಗ ಇನ್ನೊಂದು ಕತೆ: "ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ." ದುಡ್ಡು ಬರಲು ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಕಣ್ಣಿಂದ ನೋಡದೆ, ಕೈಯಿಂದ ತಿರುಗಿಸದೆ ಹಳೇ ಮಷಿನ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ವಾರದ ಕಂತು ಮೋಸ ಅಂತ ಹೇಳಲಾರೆ, ಆದರೆ ಕೂಡಿಸಿ ನೋಡಿ. ಅಂಗಡಿಯಲ್ಲಿ 11,000 ಇರುವ ಮಷಿನ್‌ಗೆ ವಾರಕ್ಕೆ ಬರೀ 300 ಅಂದರೆ ಹಗುರ ಅನ್ನಿಸುತ್ತದೆ. 52 ವಾರಕ್ಕೆ 15,600. ನಾಲ್ಕು ಸಾವಿರದ ಆರುನೂರು ಜಾಸ್ತಿ. ನಮ್ಮ ಕ್ಲಾಸಿನ ಕೆಲವರು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ನಾಲ್ಕೈದು ತಿಂಗಳು ಮುಟ್ಟದೆ ಇಟ್ಟು ನಗದು ಕೊಟ್ಟು ತಂದಿದ್ದಾರೆ. ಅಲ್ಲಿಯವರೆಗೆ ಕ್ಲಾಸಿನ ಮಷಿನ್‌ನಲ್ಲೇ ಹೊಲಿದರು.

ಬಿಲ್ ಇಲ್ಲದ ಅಗ್ಗವೂ ಇದೆ. "ಬಿಲ್ ಬ್ಯಾಡಂದ್ರ ಜಿಎಸ್‌ಟಿ ಉಳೀತದ" ಅನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಮಷಿನ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. 9,000ದ ಮಷಿನ್‌ಗೆ ಉಳಿಯುವುದು ಬರೀ 450. ಅಷ್ಟಕ್ಕೋಸ್ಕರ ವಾರಂಟಿಯನ್ನೂ, ನಾಳೆ ದೂರು ಕೊಡುವ ದಾರಿಯನ್ನೂ ಬಿಟ್ಟುಕೊಡಬೇಡಿ. ಬಿಲ್ಲಿನಲ್ಲಿ ಮಷಿನ್ ಹೆಸರು, ಮಾಡೆಲ್, ತಲೆಯ ಮೇಲೆ ಕೊರೆದ ನಂಬರು ಮೂರೂ ಇರಲಿ. ಜಾತ್ರೆಯಲ್ಲಿ, ಊರೂರಿಗೆ ಬರುವ ವ್ಯಾನಿನಲ್ಲಿ ಕೊಂಡರೆ ಇದೇ ತೊಂದರೆ. ಮುಂದಿನ ವಾರ ಅವರು ಎಲ್ಲಿರುತ್ತಾರೆ?

ಅಂಗಡಿಯಲ್ಲಿ ಹತ್ತು ನಿಮಿಷ

ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋದಾಗ ಒಂದೇ ಅಂಗಡಿಗೆ ಹೋಗಿ ತಗೊಂಡು ಬರಬೇಡಿ, ಕಡಿಮೆ ಅಂದರೂ ಮೂರು ಕಡೆ ಕೇಳಿ. ಮೂರೂ ಕಡೆ ಒಂದೇ ಮಾತು ಕೇಳಿ: "ಮನೆಯಾಗ ಇಟ್ಟು ಹೊಲಿಯೂವಷ್ಟು ತಯಾರ್ ಮಾಡಿ ಕೊಟ್ರ ಎಷ್ಟ್ರಿ?" ಆಗ ಬೆಲೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಬಹುದು.

ಮನೆಯಿಂದ ಎರಡು ತುಂಡು ಬಟ್ಟೆ ಒಯ್ಯಿರಿ, ಒಂದು ತೆಳ್ಳನೆಯ ಕುಪ್ಪಸದ ಬಟ್ಟೆ, ಒಂದು ಹಳೇ ಜೀನ್ಸಿನದು. ಕೆಂಪು, ಬಿಳಿ ಎರಡು ಬಣ್ಣದ ದಾರ ಒಯ್ಯಿರಿ. ಮೇಲೆ ಕೆಂಪು, ಬಾಬಿನ್‌ಗೆ ಬಿಳಿ ಹಾಕಿಸಿ. ತೆಳ್ಳನೆ ಬಟ್ಟೆ ಎರಡು ಪದರ ಇಟ್ಟು ಒಂದು ಮೊಳ ಹೊಲಿಯಿರಿ. ಮೇಲೆ ಬರೀ ಕೆಂಪು ಕಾಣಬೇಕು, ಕೆಳಗೆ ಬರೀ ಬಿಳಿ. ಮೇಲೆ ಬಿಳಿ ಚುಕ್ಕಿ ಇಣುಕಿದರೆ ಮೇಲಿನ ಟೆನ್ಶನ್ (ದಾರದ ಎಳೆತ) ಬಿಗಿ, ಕೆಳಗೆ ಕೆಂಪು ಇಣುಕಿದರೆ ಸಡಿಲ. ಟೆನ್ಶನ್ ಗುಂಡಿ ತಿರುವಿದರೆ ಸರಿಹೋಗಬೇಕು. ಅಂಗಡಿಯವನ ಕೈಯಲ್ಲೇ ಸರಿಹೋಗದಿದ್ದರೆ ನಿಮ್ಮ ಕೈಯಲ್ಲಿ ಸರಿಹೋಗುವುದಿಲ್ಲ. ಆಮೇಲೆ ಜೀನ್ಸ್ ನಾಲ್ಕು ಪದರ ಮಡಚಿ ಹೊಲಿಯಿರಿ. ಕೊನೆಗೆ ದಾರ ತೆಗೆದು, ಗೆರೆ ಇರುವ ನೋಟ್‌ಬುಕ್ ಹಾಳೆಯ ಮೇಲೆ ಬರೀ ಸೂಜಿ ಓಡಿಸಿ. ಬೆಳಕಿಗೆ ಹಿಡಿದರೆ ತೂತುಗಳು ಒಂದೇ ಅಂತರದಲ್ಲಿ ಕಾಣಬೇಕು. ಇಷ್ಟಕ್ಕೂ ಒಪ್ಪದ ಅಂಗಡಿಯವರು ಬೆಲೆ ಎಷ್ಟು ಇಳಿಸಿದರೂ ಬೇಡ.

ಮೋಟಾರು ಹಾಕಿಸುತ್ತಿದ್ದರೆ ಒಳಗಿನ ತಂತಿ ತಾಮ್ರದ್ದೋ ಅಂತ ಕೇಳಿ, ಬಿಲ್ಲಿನಲ್ಲೂ ಬರೆಸಿ.

ಯಾರಿಗೆ ಯಾವುದು

ಕೈಯಲ್ಲಿ ಐದು ಸಾವಿರದೊಳಗೆ ಇದೆ, ಕಲಿಯಬೇಕು ಅಂದರೆ ಹಳೇ ಕರಿ ಮಷಿನ್, ಗೊತ್ತಿರುವ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ನೋಡಿ ತಗೊಳ್ಳಿ. ಬಿಟ್ಟರೂ ಕೊಟ್ಟ ಬೆಲೆಯ ಹತ್ತಿರ ಹತ್ತಿರ ವಾಪಸ್ ಬರುತ್ತದೆ. ಪ್ಲಾಸ್ಟಿಕ್ ಸಣ್ಣ ಮಷಿನ್‌ಗೆ ಆ ದುಡ್ಡು ಹಾಕಬೇಡಿ. ಎರಡು ದಾರದ್ದಾದರೂ ಅದು ಗುಂಡಿ ಪಟ್ಟಿಯ ನಾಲ್ಕು ಪದರಕ್ಕೇ ನಿಂತುಬಿಡುತ್ತದೆ.

ಹಳ್ಳಿಯಲ್ಲಿ ಇದ್ದು, ಓಣಿಯವರ ಕುಪ್ಪಸ ಹೊಲಿದು ನಾಲ್ಕು ಕಾಸು ನೋಡಬೇಕು ಅಂದರೆ ಹೊಸ ಅಂಬ್ರೆಲ್ಲಾ, ಸ್ಟ್ಯಾಂಡಿನ ಜೊತೆ. ಮೋಟಾರು ಆರು ತಿಂಗಳು ಬಿಟ್ಟು. ಸಾದಾ ಕುಪ್ಪಸಕ್ಕೆ 150 ರೂಪಾಯಿ ಮಜೂರಿ ಹಿಡಿದರೆ 10,500ರ ಮಷಿನ್‌ಗೆ 70 ಕುಪ್ಪಸ. ದಾರ, ಹುಕ್ಕು, ಎಣ್ಣೆ ಕಳೆದು 85 ಅಂದುಕೊಳ್ಳಿ. ದಿನಕ್ಕೆ ಒಂದು ಹೊಲಿದರೂ ಮೂರು ತಿಂಗಳು.

ಊರಲ್ಲಿ ಮನೆ, ಕರೆಂಟು ಸರಿ, ಮನೆಮಟ್ಟಿಗೆ ಹೊಲಿಗೆ, ಜಾಗ ಕಡಿಮೆ ಅಂದರೆ ಬಿಳಿ ಜಿಗ್‌ಜ್ಯಾಗ್. ಅದರಲ್ಲಿ ಕಡಿಮೆ ಡಿಸೈನಿನದೇ ಸಾಕು. ಉಳಿದ ದುಡ್ಡಿಗೆ ಒಳ್ಳೇ ಕತ್ತರಿ ತಗೊಳ್ಳಿ.

ಈಗಾಗಲೇ ಗಿರಾಕಿ ಜಾಸ್ತಿ ಇದ್ದಾರೆ, ಕೆಲಸ ಮುಗಿಯುತ್ತಿಲ್ಲ ಅನ್ನುವವರಿಗೆ ಮಾತ್ರ ಪವರ್ ಮಷಿನ್, ಸರ್ವೊ ಮೋಟಾರಿನದು. ಕರಿ ಮಷಿನ್ ಮಾರಬೇಡಿ. ಕರೆಂಟಿಲ್ಲದ ದಿನ ಅದೇ ಅನ್ನ ಹಾಕುತ್ತದೆ.

ಈಗಾಗಲೇ ದುಡ್ಡು ಹೋಗಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ಆನ್‌ಲೈನಿನಲ್ಲಿ ದುಡ್ಡು ಹಾಕಿ ಮೋಸ ಹೋದವರು ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಅಂಗಡಿಯವರು ಕೆಟ್ಟ ಮಾಲು ಕೊಟ್ಟು ಬದಲಿಸದಿದ್ದರೆ ಗ್ರಾಹಕರ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ.

ಆ ಜೇವರ್ಗಿ ಹುಡುಗಿಯ ಜೊತೆ ಕೂತು ನಾವೂ ದೂರು ಕೊಟ್ಟೆವು. ಡೆಲಿವರಿಗೆ ಬಂದವನ ಕೈಗೆ ನಗದು ಕೊಟ್ಟಿದ್ದರಿಂದ ಇನ್ನೂ ಏನೂ ವಾಪಸ್ ಬಂದಿಲ್ಲ. ಹೋದ ತಿಂಗಳು ಶಹಾಬಜಾರದ ಕಡೆಯ ಒಬ್ಬ ಅಜ್ಜಿಯ ಮನೆಯಲ್ಲಿ ಅವಳಿಗೆ ಒಂದು ಹಳೇ ಕರಿ ಮಷಿನ್ ನೋಡಿದೆವು. ಕೇಳಿದ್ದು 4,000, ಕೊಟ್ಟದ್ದು 3,600. ಪಟ್ಟಾ ಹೊಸದು ಹಾಕಿಸಿದೆವು. ಅಲ್ಲೇ ಅಂಗಳದಲ್ಲಿ ಕೂತು ಒಂದು ಮೊಳ ಹೊಲಿದು, ಬಟ್ಟೆ ತಿರುವಿ, ದಾರದ ತುದಿ ಹಿಡಿದು ಎಷ್ಟು ಎಳೆದಳೋ. ಹೊಲಿಗೆ ಬಿಚ್ಚಲಿಲ್ಲ, ದಾರವೇ ಹರಿಯಿತು.